ಸರ್ ಆಂಬ್ರೋಸರ ನೆರಿಗೆಪಟ್ಟಿ

ಮಾರ್ಸ್‌ಕೋಂಬ್ ಗ್ರಾಮರ್ ಶಾಲೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಿಲ್ಡಾ ಪಾಬ್‌ಜಾಯ್ ಒಂಟಿಯೆಂದು ಹೇಳುವಂತಿರಲಿಲ್ಲ. ಹಬೆಯಿತ್ತು, ಕಿಟಕಿಯಾಚೆ ಎಲ್ಮ್ ಮರಗಳ ಪಿಸುಮಾತಿತ್ತು, ಮನಸ್ಸಿನಲ್ಲಿ ಸರ್ ಆಂಬ್ರೋಸರಿದ್ದರು. ಉಣ್ಣೆ ವ್ಯಾಪಾರದಲ್ಲಿ ಸೀಮೆಯ ಕುರಿಗಳನ್ನೆಲ್ಲ ಬೋಳಿಸಿ, ಕಡೆಗೆ ಶಾಲೆ ಕಟ್ಟಿಸಿದ ಪುಣ್ಯಾತ್ಮರು. ಈಗ ಮರದ ಬೊಂಬೆಯಾಗಿ ಹೆಬ್ಬಾಗಿಲ ಮೇಲೆ ನಿಂತಿದ್ದರು. ಸ್ಥಾಪಕರ ದಿನದಂದು ಅವರ ಕೊರಳಿಗೆ ಬಿಳಿಯ ನೆರಿಗೆಪಟ್ಟಿ ತೊಡಿಸುವುದು ತಲೆತಲಾಂತರದ ವಾಡಿಕೆ. ಅದನ್ನು ಒಗೆದು, ಗಂಜಿ ಹಾಕಿ, ನೆರಿಗೆ ಹಿಡಿಯುವವಳು ಹಿಲ್ಡಾ. ತೀರಿಹೋದ ಗಂಡ ಕುಡಿಯುತ್ತಿದ್ದದ್ದು ಬೇರೆ. ಗಂಜಿಯೆಲ್ಲ ಸರ್ ಆಂಬ್ರೋಸರ ಪಾಲಿಗೇ.

ಆ ಜೂನ್‌ನಲ್ಲಿ ಹೊಸ ಹೆಡ್‌ಮಾಸ್ಟರ್ ಪೆನ್‌ರೋಸ್ ಇಣುಕಿದರು.

"ಮಿಸೆಸ್ ಪಾಬ್‌ಜಾಯ್, ನಿಮ್ಮ ಬೆರಳೆಲ್ಲ ಊದಿವೆಯಲ್ರೀ. ಬರೋ ವರ್ಷದಿಂದ ಪ್ಲಾಸ್ಟಿಕ್‌ದೇ ತರಿಸಿಬಿಡೋಣ್ವಾ?"

"ಅವರ ಕತ್ತು ಕೆರೆಯುತ್ತೆ, ಸರ್."

"ಮರದ ಕತ್ತು ಕಣ್ರೀ!"

"ಮಳೇಲಿ ನಿಂತಿರೋರು, ಪಾಪ."

"ಆಯ್ತು, ಈ ಸಲದ್ದು ನೋಡಿ ಹೇಳ್ತೀನಿ."

ಆ ಪಟ್ಟಿ ಕೈತಪ್ಪಿದರೆ ಉಳಿದ ಆಯುಷ್ಯವೆಲ್ಲ ಹುಡುಗರ ಕಾಲುಚೀಲಗಳೊಡನೆಯೇ ಮಾತುಕತೆ ಎಂದುಕೊಳ್ಳುತ್ತ ಹಿಲ್ಡಾ ತೊಟ್ಟಿಗೆ ನೀರು ತುಂಬಿದಳು.

ಬಿಳುಪು ಏರಲೆಂದು ಪಟ್ಟಿಯನ್ನು ನೀಲಿ ಕದಡಿದ ನೀರಿಗೆ ಬಿಟ್ಟಳು. ಅದ್ದಿ ತೆಗೆದರೆ ಸಾಕಿತ್ತು. ಅಷ್ಟರಲ್ಲಿ ಪ್ರಾರ್ಥನಾಮಂದಿರದಿಂದ ಹುಡುಗರ ಲ್ಯಾಟಿನ್ ಹಾಡು ತೇಲಿಬಂತು. ಒಂದಕ್ಷರವೂ ಅರ್ಥವಾಗದ್ದರಿಂದಲೇ ಅದು ಅವಳನ್ನು ಎಲ್ಲಿಗೆ ಬೇಕಾದರೂ ಒಯ್ಯಬಲ್ಲದಾಗಿತ್ತು. ಹಬೆಯೊಳಗಿಂದ ಕುರಿಮಂದೆ ಇಳಿದುಬಂತು. ಅದರ ಹಿಂದೆ ಮೀಸೆ ಮೂಡದ ಪ್ರಾಯದ ಆಂಬ್ರೋಸ್, ಬರಿಗೊರಳಲ್ಲಿ, ಅವಳನ್ನೇ ನೋಡುತ್ತ.

ಕಣ್ಣು ಬಿಟ್ಟಾಗ ಪಟ್ಟಿ ಮುಗಿಲಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಜಾಲಿಸಿದರೂ ಬಿಡಲಿಲ್ಲ. ಬೇರೆ ಪಟ್ಟಿಯಿರಲಿಲ್ಲ.

ಸ್ಥಾಪಕರ ದಿನ ಅದನ್ನೇ ತೊಡಿಸಿದರು. ಪೆನ್‌ರೋಸ್ ತಲೆಯೆತ್ತಿ, ಬಾಯಿ ತೆರೆದರು. ಪಕ್ಕದಲ್ಲಿದ್ದ ಆಡಳಿತ ಮಂಡಳಿಯ ಅಧ್ಯಕ್ಷ, ಹಳೇ ವಿದ್ಯಾರ್ಥಿ ಕರ್ನಲ್ ಹಾಬ್‌ಡೇ, ಟೋಪಿ ತೆಗೆದರು.

"ಆಹಾ, ನೀಲಿ! ನಮ್ಮ ಕಾಲದಲ್ಲೂ ಹೀಗೇ ಇತ್ತು ಕಣಯ್ಯ. ನಡುವೆ ಯಾವನೋ ಬಿಳಿ ಮಾಡಿ ಕೆಡಿಸಿಟ್ಟಿದ್ದ."

ಸುತ್ತಲಿನ ಮುದುಕರಿಗೂ ಒಬ್ಬೊಬ್ಬರಾಗಿ ನೀಲಿ ನೆನಪಾಗತೊಡಗಿತು. ಪೆನ್‌ರೋಸ್ ತೆರೆದ ಬಾಯಿಯನ್ನು ಶಾಲಾಗೀತೆಗೆ ಬಳಸಿಕೊಂಡರು.

ಚಹಾದ ಹೊತ್ತಿಗೆ ಹಿಲ್ಡಾಳ ಬಳಿ ಬಂದು ಮೆಲ್ಲನೆ ಕೇಳಿದರು: "ಈ ನೀಲಿ ಪ್ಲಾಸ್ಟಿಕ್‌ನಲ್ಲಿ ಸಿಗಲ್ಲ, ಅಲ್ವಾ?"

"ಎಲ್ಲಿ ಸಿಗುತ್ತೆ, ಸರ್."

"ಹಾಗಾದ್ರೆ ನೀವೇ ಮಾಡ್ಬೇಕು. ಸಂಪ್ರದಾಯ ನೋಡಿ."

ಅಂದಿನಿಂದ ಪ್ರತಿ ಜೂನ್‌ನಲ್ಲೂ ಹಿಲ್ಡಾ ಪಟ್ಟಿಯನ್ನು ನೀರಿಗಿಳಿಸಿ, ಕುರ್ಚಿಗೊರಗಿ, ಕರ್ತವ್ಯನಿಷ್ಠೆಯಿಂದ ಮೈಮರೆಯುತ್ತಾಳೆ.