ಅಮಾವಾಸ್ಯೆಗೆ ತೊಳೆದ ಜೀಪು

ಬೆಂಗಳೂರಿನ ರೈಲು ಹೊಸಪೇಟೆ ಮುಟ್ಟಿದಾಗ ಬೆಳಗಾಗಿತ್ತು. ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಾಡಿಗೆ ಕಾರು ಹಿಡಿದೆ. ಚಾಲಕರು ಹುಲುಗಪ್ಪ, ನನ್ನ ತಂದೆಯ ವಯಸ್ಸಿನವರು. ನೆರೆರಾಜ್ಯದ ಪೊಲೀಸರೊಂದಿಗೆ ಸೇರಿ ಗಣಿ ರಸ್ತೆ ಕಾಯುವ ಪಡೆಗೆ ಸರ್ಕಾರ ಹಳೆಯ ಮಿಲಿಟರಿ ಜೀಪುಗಳನ್ನು ಕೊಟ್ಟಿತ್ತು. ಅವು ಇದ್ದಲ್ಲಿ ಇವೆಯೇ ಎಂದು ಕಣ್ಣಾರೆ ನೋಡಿ, ಅಡಿಚೌಕಟ್ಟಿನಲ್ಲಿ ಕೊರೆದ ಚಾಸಿ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ನನ್ನ ಕೆಲಸ.

ಮೊದಲ ದಿನ ಹಂಪಿ ಬಜಾರಿನ ಮಂಟಪದ ನೆರಳಲ್ಲಿ ಒಂದು ಜೀಪು ಸಿಕ್ಕಿತು. ಹಸಿರು ಎಂದು ದಾಖಲೆ. ಅದಿರಿನ ಧೂಳು ಕುಡಿದು ಅದೂ ಎಲ್ಲದರಂತೆ ಕೆಂಪಾಗಿತ್ತು.

ಮರುದಿನ ಸಂಡೂರಿನ ಚೆಕ್‌ಪೋಸ್ಟ್‌ನಲ್ಲಿ ಜೀಪು ಇರಲಿಲ್ಲ. ಮುಖ್ಯಪೇದೆ ವೀರಭದ್ರಪ್ಪ ಚಹಾ ತರಿಸಿದರು.

"ರಿಪೇರಿಗೆ ಹೋಗೇತ್ರಿ ಮೇಡಂ."

"ಎಲ್ಲಿಗೆ?"

ಅವರು ಲೋಟ ಕೆಳಗಿಟ್ಟರು. "ಸಾಹೇಬ್ರು ಗಣಿ ಧಣಿಗೆ ಕೊಟ್ಟಾರ್ರಿ. ರಿಜಿಸ್ಟರ್‌ನಾಗ ಸಹಿ ಮಾತ್ರ ನಂದು. ಸಿಗಲಿಲ್ಲಂದ್ರ ಕದ್ದಾಂವ ನಾನ ಆಗ್ತೀನಿ."

ಮತ್ತೆ ಕಾರು ಹತ್ತಿ, ದಾರಿಯಲ್ಲಿ ಲಾರಿಗಳೇ ಇಲ್ಲವಲ್ಲ ಎಂದು ಹುಲುಗಪ್ಪನವರನ್ನು ಕೇಳಿದೆ. "ಅಮಾಸಿ ಅಲ್ಲೇನ್ರಿ? ಗಾಡಿ ತೊಳೀಲಾರದ ಪೂಜಿ ಮಾಡಾಕ ಬರಂಗಿಲ್ಲ. ಧಣಿ ಗಾಡಿಗೋಳೆಲ್ಲಾ ಕಂಪ್ಲಿ ಹೊಳಿಗೆ ಇಳಿದಾವ," ಎಂದರು ಹುಲುಗಪ್ಪ.

ಧಣಿಯ ಕೈ ಸೇರಿದ ಜೀಪೂ ಅಲ್ಲೇ ಇರಬೇಕು ಎನಿಸಿ ಕಾರನ್ನು ಕಂಪ್ಲಿಗೆ ತಿರುಗಿಸಲು ಹೇಳಿದೆ.

ಹೊಳೆದಂಡೆಯಲ್ಲಿ ಟಿಪ್ಪರುಗಳ ಸಾಲು. ನಡುವೆ ಒಂದು ಜೀಪಿನಿಂದ ಕೆಂಪು ನೀರು ಇಳಿಯುತ್ತಿತ್ತು, ಒಳಗಿನಿಂದ ಹಸಿರು ಏಳುತ್ತಿತ್ತು. ತೊಳೆಯುವವರು ಹೂ ತರಲು ಹೋದಾಗ ಕುಕ್ಕರಗಾಲಲ್ಲಿ ಕೂತು ಪೆನ್ಸಿಲ್ ಉಜ್ಜಿದೆ. ಅರ್ಧ ಸಂಖ್ಯೆ ಮೂಡಿತ್ತು, ಅಷ್ಟರಲ್ಲಿ ಒಬ್ಬ ದಾಂಡಿಗ ಮಣಿಕಟ್ಟು ಹಿಡಿದ.

"ಏನವ್ವಾ, ಜೀಪಿನ ಜಾತಕ ಬರ್ಕೊಳ್ಳಾಕತ್ತೀಯೇನು? ಲೇ, ಗಾಡಿ ಹಿಂದಕ್ಕ ತಗಿಯಲೇ!"

ಟಿಪ್ಪರು ಹಿಮ್ಮುಖವಾಗಿ ಬಂತು. ಬೆನ್ನಿಗೆ ಜೀಪು, ಮುಂದೆ ನನ್ನೆತ್ತರದ ಗಾಲಿ. ಅದರ ಸಂದಿಗಳಲ್ಲಿ ಸಿಕ್ಕ ಸಣ್ಣ ಕಲ್ಲುಗಳು ಈಗಲೂ ಕಾಣುತ್ತವೆ. ಕಣ್ಣು ಮುಚ್ಚಿದರೆ ಇನ್ನೂ ಹತ್ತಿರ.

ಪಕ್ಕದ ಪೂಜೆಯ ಬುಟ್ಟಿಯಿಂದ ತೆಂಗಿನಕಾಯಿ ಎತ್ತಿಕೊಂಡ ಹುಲುಗಪ್ಪ ಓಡಿಬಂದು ಗಾಲಿಯ ಅಡಿಗೇ ಅದನ್ನು ಒಡೆದರು.

"ಲೇ! ದೇವರಿಗೆ ಒಡದ ಕಾಯಿ ಮ್ಯಾಲೆ ಗಾಲಿ ಹತ್ತಿಸ್ತೀಯೇನಲೇ? ಅಮಾಸಿ ದಿನಾ!"

ಬ್ರೇಕು ಕಿರುಗುಟ್ಟಿತು. ದಾಂಡಿಗನ ಕೈಗಳು ಮುಗಿಯಲು ತಾವಾಗಿ ಮೇಲೆದ್ದವು. ನನ್ನ ಮಣಿಕಟ್ಟು ಬಿಡುಗಡೆಯಾಗಿತ್ತು. ಅರ್ಧ ಅಚ್ಚಿನ ಕಾಗದ ಹಿಡಿದೇ ಕಾರಿನತ್ತ ಓಡಿದೆವು. ಹೊಸಪೇಟೆಯವರೆಗೆ ಹುಲುಗಪ್ಪ ಒಂದೇ ಮಾತಾಡಿದರು: "ಕಾಯಿ ಅವರದ ಇತ್ತು ನೋಡ್ರಿ."

ಮೂರನೆಯ ದಿನ ಬೆಳಿಗ್ಗೆ ಸಂಡೂರಿನ ಚೆಕ್‌ಪೋಸ್ಟ್ ಮುಂದೆ ಜೀಪು ನಿಂತಿತ್ತು, ಹಣೆಗೆ ವಿಭೂತಿ ಬಳಿದುಕೊಂಡು. ಪೂರ್ತಿ ಅಚ್ಚು ತೆಗೆದೆ. ಕಂಪ್ಲಿಯ ಅರ್ಧ ಅಚ್ಚಿಗೂ ಅದಕ್ಕೂ ಅಂಕಿ ತಪ್ಪಿರಲಿಲ್ಲ.

"ಕಂಪ್ಲಿ ಅಂತ ಬರೀಬ್ಯಾಡ್ರಿ ಮೇಡಂ," ಎಂದರು ವೀರಭದ್ರಪ್ಪ. "ನೀವು ನೋಡೀರಂತ ರಾತ್ರೋರಾತ್ರಿ ತಂದು ಬಿಟ್ಟಾರ್ರೀ. ನನ್ನ ನೌಕರಿ ಉಳೀತು."

ವರದಿಯಲ್ಲಿ 'ಇದೆ' ಎಂದಷ್ಟೇ ಬರೆದೆ. ವಾದಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅರ್ಧ ಅಚ್ಚಿನ ಹಿಂದೆ ಕಂಪ್ಲಿ ಎಂದು ಬರೆದು, ಸಹಿ ಹಾಕಿ ಅವರ ಕೈಗೆ ಕೊಟ್ಟೆ. "ಮತ್ತೆ ಕಾಣೆಯಾದರೆ ಇದನ್ನು ತೋರಿಸಿ, ಕದ್ದವರು ನೀವಲ್ಲ ಎಂಬುದಕ್ಕೆ." ಅವರು ಅದನ್ನು ಮಡಚಿ ಟೋಪಿಯೊಳಗೆ ಸೇರಿಸಿದರು.

ಕಾರು ಹೊರಟಾಗ ತಿರುಗಿ ನೋಡಿದೆ. ಅಮಾವಾಸ್ಯೆ ಕಳೆದು ಲಾರಿಗಳು ಮತ್ತೆ ಹೊರಟಿದ್ದವು. ಜೀಪಿನ ಬಾನೆಟ್ಟು ಆಗಲೇ ಕೆಂಪಾಗತೊಡಗಿತ್ತು.