ಮೊದಲು ಹೆರಿಗೆ, ಆಮೇಲೆ ಸ್ನಾನ

ಎಸ್ತರಮ್ಮ ಯಾವ ನೀರನ್ನೇ ಆಗಲಿ ಮೊಣಕೈ ಅದ್ದಿ ನೋಡುತ್ತಿದ್ದರು. ಗುಬ್ಬಿಯ ಕಡೆ ಮೂವತ್ತು ವರ್ಷ ಹೆರಿಗೆ ಮಾಡಿಸಿ, ಹುಟ್ಟಿದ ಮಕ್ಕಳಿಗೆ ನೀರೆರೆದವರು. ಕೆಲಸ ಬಿಟ್ಟು ಮರಳೂರಿಗೆ, ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಪಾತ್ರೆ ತೊಳೆಯುವ ನೀರಿಗೂ ಅದೇ ಪರೀಕ್ಷೆ. ನಮ್ಮ ಚರ್ಚಿನ ಸಭೆಯವರಿಗೆ ದೀಕ್ಷಾಸ್ನಾನ, ಅಂದರೆ ನೀರಲ್ಲಿ ಮುಳುಗಿಸಿ ಎಬ್ಬಿಸುವುದು, ಆಗುವುದು ಹೆಬ್ಬೂರಿನ ತೋಟವೊಂದರ ನೀರಿನ ತೊಟ್ಟಿಯಲ್ಲಿ. ಅಲ್ಲೂ ಪಾಸ್ಟರ್ ಇಳಿಯುವ ಮೊದಲು ಇವರು ಸೆರಗು ಸಿಕ್ಕಿಸಿಕೊಂಡು ಬಗ್ಗಿ ಮೊಣಕೈ ಅದ್ದುವರು.

"ತಣ್ಣಗೈತೆ. ಪರ್ವಾಗಿಲ್ಲ, ದೊಡ್ಡ ಮಕ್ಳು, ತಡ್ಕೊತಾರೆ" ಎಂದು ಅವರು ಅಪ್ಪಣೆ ಕೊಟ್ಟ ಮೇಲೇ ಪಾಸ್ಟರ್ ನಗುತ್ತಾ ನೀರಿಗೆ ಇಳಿಯುತ್ತಿದ್ದುದು.

ಆಮೇಲೆ ಮೆಟ್ಟಿಲ ಹತ್ತಿರ ಹಳೇ ಸೀರೆಯ ತುಂಡುಗಳನ್ನು ಹಿಡಿದು ನಿಲ್ಲುವರು. ಎಲ್ಲರೂ ಹೊಸ ಟವೆಲ್ ತಂದಿರುತ್ತಿದ್ದರು. ಎಸ್ತರಮ್ಮ ಅದನ್ನು ಮುಟ್ಟುತ್ತಿರಲಿಲ್ಲ. "ಹೊಸ ಮಗೂಗೆ ಹಳೇ ಬಟ್ಟೇನೇ ಮೆತ್ತಗಿರೋದು" ಎಂದು ತಲೆ, ಕಿವಿ, ಕತ್ತಿನ ಸಂದು ಬಿಡದೆ ಒರೆಸುವರು. ಆರಡಿ ಗಂಡಸೂ ಅವರ ಕೈಯಲ್ಲಿ ಸುಮ್ಮನೆ ತಲೆ ಬಗ್ಗಿಸುತ್ತಿದ್ದ.

ನೀರಲ್ಲಿ ಮುಳುಗಿದರೆ ಹೊಸದಾಗಿ ಹುಟ್ಟಿದ ಹಾಗೆಯೇ ಎಂದು ಯಾರಾದರೂ ಅಂದರೆ ಅವರಿಗೆ ಆಗುತ್ತಿರಲಿಲ್ಲ. "ಸ್ನಾನ ಮಾಡ್ಸಿದ್ರೆ ಮಗು ಹುಟ್ತದಾ? ಮೊದ್ಲು ಹೆರಿಗೆ, ಆಮೇಲೆ ಸ್ನಾನ" ಅನ್ನುವರು. ಒಮ್ಮೆ ಲಾರಿ ಡ್ರೈವರೊಬ್ಬರು, "ಒಳಗೆ ಬದಲಾದ್ರೆ ಸಾಕಲ್ವಾ ಅಮ್ಮ, ನೀರು ಯಾಕೆ?" ಎಂದು ಕೇಳಿದರು. ಅವರನ್ನೂ ಬಿಡಲಿಲ್ಲ. "ಹುಟ್ಟಿದ ಮಗೂನ ತೊಳೀದೇನೆ ಅವ್ವನ ಕೈಗೆ ಕೊಡ್ತಾರೇನಪ್ಪಾ?" ಅಂದರು. ಮುಂದಿನ ಸಲ ಆತ ತೊಟ್ಟಿಗೆ ಇಳಿದರು.

ನನ್ನನ್ನು ಮಾತ್ರ ಇಳಿಯಲು ಬಿಡಲಿಲ್ಲ.

ನಾನು ಚಿಕ್ಕಂದಿನಿಂದ ಸಭೆಗೆ ಹೋಗುತ್ತಿದ್ದವಳು, ದೀಕ್ಷಾಸ್ನಾನ ಮಾತ್ರ ಆಗಿರಲಿಲ್ಲ. ಒಂದು ದಿನ ಇಬ್ಬರೂ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಹೇಳಿದೆ, "ಅಕ್ಕಾ, ಈ ಸಲ ನನ್ನ ಹೆಸ್ರೂ ಪಾಸ್ಟ್ರಿಗೆ ಹೇಳಿ. ನಾನೂ ಹೊಸದಾಗಿ ಹುಟ್ಟಿದೀನಿ."

"ಗೊತ್ತಾ?"

"ಗೊತ್ತು."

"ಹುಟ್ಟಿದ ಮಗು ಅಳ್ತದೆ ಕಣೇ ಕಮಲಿ. ನೀನು ಪ್ರೇಮನ ಮುಂದೆ ಅತ್ತಿದೀಯಾ?"

ಪ್ರೇಮ ನನ್ನ ಸೊಸೆ. ಅವಳ ಮೊದಲ ಬಸಿರು ಐದು ತಿಂಗಳಿಗೇ ಹೋಯಿತು. ಅವತ್ತು ಆಸ್ಪತ್ರೆಯಲ್ಲಿ, ಅವಳ ಮಂಚದ ಪಕ್ಕದಲ್ಲೇ ನಿಂತು, "ಈ ಹೊಟ್ಟೇಲಿ ಏನೂ ನಿಲ್ಲಲ್ಲ" ಅಂದುಬಿಟ್ಟಿದ್ದೆ. ಅವಳು ಕಣ್ಣು ಮುಚ್ಚಿದ್ದಳು, ನಿದ್ದೆ ಮಾಡುತ್ತಿರಲಿಲ್ಲ. ಕುಣಿಗಲ್ಲಿನ ತವರಿಗೆ ಹೋದವಳು ವರ್ಷವಾದರೂ ಬಂದಿರಲಿಲ್ಲ. ಮಗ ಶನಿವಾರ ಹೋಗಿ ಸೋಮವಾರ ಬರುತ್ತಿದ್ದ, ನನ್ನ ಮುಖ ನೋಡದೆ ಊಟ ಮಾಡುತ್ತಿದ್ದ.

ಅತ್ತೆಯಾದವಳು ಸೊಸೆಯ ಮುಂದೆ ಅಳಬೇಕೇ? ಎಸ್ತರಮ್ಮನ ಜೊತೆಗೂ ಎರಡು ತಿಂಗಳು ಮಾತು ಬಿಟ್ಟೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಇಣುಕಿ, "ನೋವು ಶುರುವಾಯ್ತೇನೇ?" ಎಂದು ಕೇಳುವರು. ನಾನು ಬಕೆಟ್ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಅವರು ಹಾಗೆ ಕೇಳಿದಾಗ ಒಳಗೆ ಹೋಗಲಾಗಲಿಲ್ಲ. ಕುಣಿಗಲ್ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಪ್ರೇಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಅವಳನ್ನು ಕಂಡದ್ದೇ ಜೋಡಿಸಿದ ಮಾತೆಲ್ಲ ಹೋಯಿತು. "ತಪ್ಪಾಯ್ತು ಕಣವ್ವಾ" ಎಂದಷ್ಟೇ ಹೇಳಿ ಬೀದಿಯಲ್ಲೇ ಗೊಳೋ ಎಂದು ಅತ್ತೆ.

"ಒಳಕ್ಕೆ ಬನ್ನಿ ಅತ್ತೆ, ಅಕ್ಕಪಕ್ಕದೋರು ನೋಡ್ತಾರೆ" ಅಂದಳು.

ನೀರು ಕೊಟ್ಟಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಹದಿನೈದು ದಿನಕ್ಕೆ ಬ್ಯಾಗು ಹಿಡಿದುಕೊಂಡು ಮರಳೂರಿಗೆ ಬಂದಳು. ಕಾಂಪೌಂಡಿನ ಆಚೆಯಿಂದ ಎಸ್ತರಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಕಷ್ಟ ಆಯ್ತೇನೇ ಹೆರಿಗೆ?"

"ಆಯ್ತು ಅಕ್ಕ."

"ಚೊಚ್ಚಲು ಹಂಗೇಯ. ಪಾಸ್ಟ್ರಿಗೆ ಹೇಳ್ತೀನಿ, ಸ್ನಾನ ಆಗ್ಲಿ."

ಸ್ನಾನದ ದಿನ ತೊಟ್ಟಿಯಿಂದ ಎದ್ದ ನನ್ನ ತಲೆಯನ್ನು ಅವರು ತಿಕ್ಕಿದ ತಿಕ್ಕಿಗೆ ಕಿವಿ ಕೆಂಪಾಯಿತು. ಆ ಬಟ್ಟೆಯ ತುಂಡನ್ನು ನಾನು ವಾಪಸು ಕೊಡಲಿಲ್ಲ, ಅವರೂ ಕೇಳಲಿಲ್ಲ.

ಎರಡು ವರ್ಷಕ್ಕೆ ಮೊಮ್ಮಗಳು ಅನುಗ್ರಹ ಹುಟ್ಟಿದಳು. ಎಸ್ತರಮ್ಮನೇ ಕಾಲು ನೀಡಿ ಕೂತು, ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದರು. ಅವಳಿಗೆ ಹತ್ತು ವರ್ಷವಾದಾಗ ಅವರು ಹಾಸಿಗೆ ಹಿಡಿದರು. ಕೊನೆಯ ಸಲ ನೋಡಲು ಹೋದಾಗ ಹುಡುಗಿ, "ಅಜ್ಜಿ, ನಾನೂ ದೀಕ್ಷಾಸ್ನಾನ ತಗೊಳ್ಲಾ?" ಎಂದು ಕೇಳಿದಳು.

"ಹೊಸದಾಗಿ ಹುಟ್ಟಿದೀಯಾ?"

"ಗೊತ್ತಿಲ್ಲ."

ಎಸ್ತರಮ್ಮನಿಗೆ ನಗು ಬಂದು ಕೆಮ್ಮು ಹತ್ತಿತು. "ಒಳ್ಳೇ ಉತ್ತರ ಕಣವ್ವಾ. ನಿಮ್ಮಜ್ಜಿ ಗೊತ್ತು ಅಂದಿದ್ಲು."

ಆ ವರ್ಷದ ಕ್ರಿಸ್‌ಮಸ್‌ಗೆ ಅವರು ಇರಲಿಲ್ಲ.

ಅನುಗ್ರಹ ಈಗ ಕಾಲೇಜು ಹುಡುಗಿ. ಹೋದ ತಿಂಗಳು ತಾನಾಗಿಯೇ ಬಂದು, "ಅಜ್ಜಿ, ಅವತ್ತು ಆ ಅಜ್ಜಿ ಕೇಳಿದ್ದನ್ನ ಈಗ ನೀನು ಕೇಳು" ಅಂದಳು. ಯಾರ ಮುಂದೆ ಅತ್ತಳೋ, ಯಾಕೆ ಅತ್ತಳೋ ನಾನು ಕೇಳಲಿಲ್ಲ. ಪ್ರೇಮನಿಗೆ ಗೊತ್ತಂತೆ, ಅಷ್ಟು ಸಾಕು. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಹಾಲಿನವನಿಗೂ ಹೇಳಿದೆ, ಸೊಪ್ಪಿನವಳಿಗೂ ಹೇಳಿದೆ, ಹೆಬ್ಬೂರಿನ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ.

ಕಳೆದ ಭಾನುವಾರ ತೊಟ್ಟಿಯ ಹತ್ತಿರ ಹೋದವಳು ಬಗ್ಗಿ ಮೊಣಕೈ ಅದ್ದಿದೆ. ತಣ್ಣಗಿತ್ತು. ಪಾಸ್ಟರ್ ನನ್ನ ಮುಖವನ್ನೇ ನೋಡುತ್ತಾ ಕಾದಿದ್ದರು. ನಾನು ತಲೆಯಾಡಿಸಿದ ಮೇಲೆ ಇಳಿದರು.

ಹುಡುಗಿ ಉಸಿರು ಕಟ್ಟಿ ಎದ್ದಳು. ಪ್ರೇಮ ಹೊಸ ಟವೆಲ್ ಬಿಡಿಸಿದ್ದಳು. ನನ್ನ ಕೈಯಲ್ಲಿದ್ದ ಸೀರೆಯ ತುಂಡನ್ನು ನೋಡಿ, ಟವೆಲನ್ನು ಮಡಿಸಿ ಬ್ಯಾಗಿಗೆ ಹಾಕಿದಳು. ಎಸ್ತರಮ್ಮ ನನ್ನ ತಲೆ ಒರೆಸಿದ್ದ ಅದೇ ತುಂಡು, ಒಗೆದು ಒಗೆದು ಜೇಡರ ಬಲೆಯಂತಾಗಿತ್ತು. ತಲೆ ಒರೆಸಿದೆ, ಕಿವಿ ಒರೆಸಿದೆ. ಅಳಬೇಕಾದವಳು ನಗುತ್ತಿದ್ದಳು. ಅಳುತ್ತಿದ್ದವಳು ನಾನು, ತೋಟಕ್ಕೆಲ್ಲ ಕೇಳುವ ಹಾಗೆ.

ಪ್ರೇಮ ನನ್ನ ಹೆಗಲು ಹಿಡಿದು ಕಿವಿಯಲ್ಲಿ ಹೇಳಿದಳು, "ಅತ್ತೆ, ಅಕ್ಕಪಕ್ಕದೋರು ನೋಡ್ತಾರೆ."

"ನೋಡ್ಲಿ ಬುಡು" ಅಂದೆ.