ಬಸುರಿ ನಾನು, ರೋಗಿ ನಮ್ಮ ಮಾವ

ಮೈಸೂರು ರಾಜ್ಯ ದೊಡ್ಡದಾಗುತ್ತದಂತೆ ಎಂದು ಜಗಲಿಯ ಮೇಲೆ ಕೂತ ಗಂಡಸರೆಲ್ಲ ಮಾತಾಡಿಕೊಳ್ಳುತ್ತಿದ್ದ ವರ್ಷ, 1956. ಚಾಮರಾಜನಗರದಲ್ಲಿ ಹುಟ್ಟಿ ಬೆಳೆದ ನನ್ನನ್ನು ಗುಂಡ್ಲುಪೇಟೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮೊದಲ ಬಸುರು, ಏಳನೇ ತಿಂಗಳು. ಮಡಿಲು ತುಂಬಿಸಿ ತವರಿಗೆ ಕಳಿಸುವ ಮಾತು ನಡೆದಿತ್ತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ನನಗೆ ಬೇಡ.

ನಮ್ಮ ಮಾವ ಕೆಟ್ಟವರಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಜಗಳವಾದರೂ ನ್ಯಾಯ ಹೇಳಲು ಅವರನ್ನೇ ಕರೆಯುತ್ತಿದ್ದರು. ಪಕ್ಕದವನ ಬದು ಒತ್ತಿದವನಿಗೆ, ಹೆಂಡತಿಯನ್ನು ಹೊಡೆದು ಅಟ್ಟಿದವನಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದರು. ಅಂಥ ಬಾಯಿ ಮನೆಯ ಹೆಂಗಸರ ಮೈಯ ವಿಷಯ ಬಂದರೆ ಮಾತ್ರ ಕಟ್ಟಿಹೋಗುತ್ತಿತ್ತು. ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ದನದ ಕೊಟ್ಟಿಗೆ ಕಡೆ ಎದ್ದು ಹೋಗಿಬಿಡುತ್ತಿದ್ದರು. ನಾನಂತೂ ಸೊಸೆ. ಅವರ ಎದುರು ನಿಂತು ಮಾತಾಡುವುದಿರಲಿ, ಅವರು ಒಳಗೆ ಬಂದರೆ ಬಾಗಿಲ ಮರೆಗೆ ಸರಿಯಬೇಕಿತ್ತು.

ಆಗ ನಮ್ಮ ಕಡೆ ಹೆಂಗಸಿಗೆ ಕಾಯಿಲೆಯಾದರೆ ಹೆಂಗಸು ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ, ಬಾಟಲಿ ಹೋಗುತ್ತಿತ್ತು. ಖಾಲಿ ಬಾಟಲಿಯೊಂದನ್ನು ಬೂದಿ ಹಾಕಿ ತೊಳೆದು ಮನೆಯ ಗಂಡಸಿನ ಕೈಗೆ ಕೊಡುವುದು. ಅವನು ಪೇಟೆಗೆ ಹೋಗಿ, ಹೀಗಂತೆ ಹಾಗಂತೆ ಎಂದು ಹೇಳಿ, ಅದರ ತುಂಬ ಔಷಧಿ ತರುವುದು. ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತಿಳಿಯಲು ಬಾಟಲಿಯ ಪಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಅದರ ಒಂದೊಂದು ಹಲ್ಲಿಗೂ ನಾವು ಗೀಟು ಅನ್ನುತ್ತಿದ್ದೆವು.

ಹೊರಕಡೆಗೆ ಹೋಗಲಾಗದೆ ಹೊಟ್ಟೆ ಕಟ್ಟಿಕೊಂಡು ನಾನು ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಿದ್ದೆ. ಬಸುರಿಯರಿಗೆ ಇದೆಲ್ಲ ಇದ್ದದ್ದೇ. ಅತ್ತೆ ಬಾಳೆಹಣ್ಣು, ಬಿಸಿನೀರು ಎಂದು ತಮಗೆ ತಿಳಿದದ್ದನ್ನೆಲ್ಲ ಕೊಟ್ಟು ನೋಡಿದರು. ನನ್ನ ಗಂಡ ಈರುಳ್ಳಿ ಮೂಟೆಗಳ ಜೊತೆ ಲಾರಿಯಲ್ಲಿ ಕೇರಳದ ಕಡೆ ಹೋಗಿದ್ದರು. ಕೊನೆಗೆ ಅತ್ತೆ ಬಾಟಲಿ ತೊಳೆದು ಮಾವನ ಕೈಗೆ ಕೊಟ್ಟು, ಸೊಸೆಯ ಸ್ಥಿತಿ ಹೀಗಿದೆ ಎಂದು ಹೇಳಿ ಕಳಿಸಿದರು. ಪೇಟೆಯಲ್ಲಿ ಷಾಪಿಟ್ಟುಕೊಂಡಿದ್ದ ಒಬ್ಬ ಡಾಕ್ಟರಿಂದ ಮಾವ ಬಾಟಲಿ ತುಂಬಿಸಿಕೊಂಡು ಬಂದು, ಹೊತ್ತಿಗೆ ಒಂದು ಗೀಟು ಕುಡಿಯಬೇಕಂತೆ ಎಂದು ಅತ್ತೆಗೆ ಹೇಳಿ ಹೊಲಕ್ಕೆ ಹೋದರು.

ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಗೀಟು ಸಾಲದು ಎಂದು ತೀರ್ಮಾನ ಮಾಡಿದರು.

"ನಿನ್ನೊಟ್ಟೆಲಿ ಇನ್ನೊಂದು ಜೀವ ಅದೆ ಕಣಮ್ಮಿ. ಒಂದು ಗೀಟು ಇಬ್ಬರಿಗೂ ಎಲ್ಲಿಗಾದದು? ಎರಡು ಕುಡಿ" ಅಂದರು.

ನಾಲ್ಕಕ್ಷರ ಓದಿದ್ದ ನನಗೂ ಅದು ತಪ್ಪೆಂದು ಹೊಳೆಯಲಿಲ್ಲ. ಎರಡು ಹೊಟ್ಟೆಗೆ ಎರಡು ಪಾಲು, ಊಟಕ್ಕೆ ಹಾಗೇ ಬಡಿಸುತ್ತಿದ್ದರಲ್ಲ. ಮೂಗು ಹಿಡಿದುಕೊಂಡು ಕುಡಿದುಬಿಟ್ಟೆ.

ಆಮೇಲೆ ಆದದ್ದನ್ನು ಬಿಡಿಸಿ ಹೇಳುವುದು ಬೇಡ. ಹಿತ್ತಲಿಗೆ ಹೋಗಿ ಬಂದು, ಹೋಗಿ ಬಂದು ಕಾಲಲ್ಲಿ ಬಲವೇ ಉಳಿಯಲಿಲ್ಲ. ಮೈಯೆಲ್ಲ ತಣ್ಣಗೆ ಬೆವರಿತು. ಹೊಟ್ಟೆ ಕಲ್ಲಿನ ಹಾಗೆ ಬಿಗಿಯುವುದು, ಸಡಿಲವಾಗುವುದು, ಮತ್ತೆ ಬಿಗಿಯುವುದು. ಅತ್ತೆ ಹೆದರಿ ಊರಿನ ಸೂಲಗಿತ್ತಿಯನ್ನು ಕರೆಸಿದರು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟು ಬಿಗಿತ ನೋಡಿದಳು.

"ಇದು ಹೆರೋ ನೋವು ಕಣವ್ವ. ಈಗ ಹುಟ್ಟುದ್ರೆ ಕೂಸು ಉಳಿಯಕಿಲ್ಲ. ಪ್ಯಾಟೆಗೆ ಕರ್ಕೊಂಡೋಗಿ" ಅಂದಳು.

ಗಾಡಿಗೆ ಹುಲ್ಲು ಹಾಸಿ ನನ್ನನ್ನು ಮಲಗಿಸಿದರು. ದಾರಿಯುದ್ದಕ್ಕೂ ಚಕ್ರ ಹಳ್ಳಕ್ಕೆ ಇಳಿದಾಗಲೆಲ್ಲ ನಾನು ಎರಡು ಕೈಯಲ್ಲೂ ಹೊಟ್ಟೆಯನ್ನು ಹಿಡಿದುಕೊಳ್ಳುತ್ತಿದ್ದೆ. ಒಳಗೆ ಕೂಸು ಒದೆಯುತ್ತಿದೆಯೋ ಇಲ್ಲವೋ ಎನ್ನುವುದೊಂದೇ ನನ್ನ ಧ್ಯಾನ. ಮಾವ ಗಾಡಿಯ ಹಿಂದೆ ನಡೆದು ಬರುತ್ತಿದ್ದರು.

ಡಾಕ್ಟರು ಷಾಪಿನ ಒಳಗೆ ಬೆಂಚಿನ ಮೇಲೆ ನನ್ನನ್ನು ಮಲಗಿಸಿ ನೋಡಿದರು. ಇವಳಿಗೆ ಏನು ಕೊಟ್ಟಿರಿ ಎಂದು ಗದರಿ ಕೇಳಿದರು. ಅತ್ತೆ ಕೈ ಮುಗಿದು, ನಾವೇನೂ ಕೊಡಲಿಲ್ಲ, ನೀವು ಕೊಟ್ಟ ಔಷಧಿಯೇ ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಈ ಹುಡುಗಿಗೆ ನಾನು ಯಾವ ಔಷಧಿಯನ್ನೂ ಕೊಟ್ಟಿಲ್ಲ, ಬಸುರಿ ಯಾರೂ ಈ ವಾರ ಬಂದಿಲ್ಲ ಎಂದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಮಾವ ಅವರ ಕಣ್ಣಿಗೆ ಬಿದ್ದರು. ಗುರುತು ಹಿಡಿದು, "ಏನು ಗೌಡರೇ, ನಿಮ್ಮ ಹೊಟ್ಟೆ ಸರಿಹೋಯಿತೇ?" ಎಂದು ಕೇಳಿದರು.

ನನಗೆ ಆಗ ತಿಳಿಯಿತು. ಸೊಸೆ ಬಸುರಿ, ಅವಳಿಗೆ ಹೊಟ್ಟೆ ಕಟ್ಟಿದೆ ಎಂದು ಹೊರಗಿನ ಗಂಡಸಿನ ಮುಂದೆ ಹೇಳಲು ನಾಚಿಕೆಯಾಗಿ, ನಮ್ಮ ಮಾವ ಅದು ತಮ್ಮದೇ ಹೊಟ್ಟೆ ಎಂದು ಹೇಳಿದ್ದರು. ನೇಗಿಲು ಹೊಡೆಯುವ ಗಂಡಾಳಿಗೆ ಕೊಡುವ ಭೇದಿ ಔಷಧಿಯನ್ನು ಡಾಕ್ಟರು ಕೊಟ್ಟಿದ್ದರು. ಅದರ ಮೇಲೆ ಅತ್ತೆಯ ಎರಡು ಗೀಟಿನ ಲೆಕ್ಕ.

ಹೋಗಲಿ, ಆಗಲಾದರೂ ನಿಜ ಹೇಳಬಹುದಿತ್ತು. ಸೊಸೆ ಬೆಂಚಿನ ಮೇಲೆ ಬಿದ್ದು ನರಳುತ್ತಿದ್ದಾಳೆ, ಮೊಮ್ಮಗು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಮಾವ ಗೋಡೆ ನೋಡಿಕೊಂಡು, "ಈಗ ವಾಸಿ ಸ್ವಾಮಿ" ಅಂದರು.

ಎಲ್ಲಿಂದ ಬಂತೋ ಧೈರ್ಯ. ಹುಟ್ಟಿದಾರಭ್ಯ ಅಷ್ಟು ಜೋರಾಗಿ ಮಾತಾಡಿದವಳಲ್ಲ ನಾನು.

"ಅವರ್ಗೇನೂ ಆಗಿಲ್ಲ ಡಾಕ್ಟ್ರೇ. ಹೊಟ್ಟೆ ಕಟ್ಟಿದ್ದು ನಂಗೆ. ಆ ಔಸ್ದಿಯ ಎರಡೆರಡು ಗೀಟು ಕುಡ್ದವಳೂ ನಾನೇಯ."

ಡಾಕ್ಟರು ಮಾವನನ್ನು ಬಾಯಿಗೆ ಬಂದಂತೆ ಬೈದರು. ಬೈಯಲಿ, ತಕ್ಕದ್ದೇ. ಆದರೆ ಡಾಕ್ಟರನ್ನು ಬೈಯುವವರು ಯಾರು? ಹೊಟ್ಟೆ ಕಟ್ಟಿದೆ ಎಂದು ಬಂದ ಮನುಷ್ಯನ ಹೊಟ್ಟೆಯನ್ನು ಒಂದು ಸಲ ಒತ್ತಿ ನೋಡಿದ್ದರೆ, ನಾಲಗೆ ಚಾಚಿಸಿದ್ದರೆ, ಇವರಿಗೆ ಏನೂ ಆಗಿಲ್ಲ ಎಂದು ಗೊತ್ತಾಗುತ್ತಿರಲಿಲ್ಲವೇ? ಕೂತಲ್ಲಿಂದಲೇ ಎರಡು ಮಾತು ಕೇಳಿ ಬಾಟಲಿ ತುಂಬಿ ಕಳಿಸಿದವರು ಅವರು. ಕೊಟ್ಟವರಿಗೆ ಯಾರ ಹೊಟ್ಟೆ ಎಂದು ಗೊತ್ತಿಲ್ಲ, ತಂದವರಿಗೆ ಎಂಥ ಔಷಧಿ ಎಂದು ಗೊತ್ತಿಲ್ಲ, ಕುಡಿದವಳನ್ನು ಯಾರೂ ಏನೂ ಕೇಳಲಿಲ್ಲ.

ಇಂಜೆಕ್ಷನ್ ಕೊಟ್ಟರು. ಉಪ್ಪು ಹಾಕಿದ ಗಂಜಿಯ ತಿಳಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಅಲ್ಲಾಡದೆ ಮಲಗಿರಬೇಕೆಂದರು. ಸಂಜೆಯ ಹೊತ್ತಿಗೆ ನೋವು ದೂರ ದೂರವಾಗಿ ನಿಂತಿತು. ಒಳಗಿಂದ ಕೂಸು ಒಂದು ಸಲ ಒದೆಯಿತು. ನಾನು ಅತ್ತುಬಿಟ್ಟೆ. ಅದೇ ಕೂಸು ತಿಂಗಳು ತುಂಬಿದ ಮೇಲೆ ಚಾಮರಾಜನಗರದ ನಮ್ಮ ತವರಿನಲ್ಲಿ ಹುಟ್ಟಿತು. ಈಗ ಅವಳೂ ಅಜ್ಜಿಯಾಗಿದ್ದಾಳೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲವೇನೋ. ಊರಿನಲ್ಲಿ ಹಬ್ಬಿದ ಸುದ್ದಿ ಮಾತ್ರ ಬೇರೆ. ಕೂಸು ಹೋಗುತ್ತಿತ್ತು ಎಂದು ಯಾರೂ ಆಡಿಕೊಳ್ಳಲಿಲ್ಲ. ಪರಗಂಡಸಿನ ಮುಂದೆ ಸೊಸೆ ಮಾವನ ಮಾನ ಕಳೆದಳು ಎಂದು ಆಡಿಕೊಂಡರು. ಕೇರಳದಿಂದ ಬಂದ ನನ್ನ ಗಂಡ ಕೂಡ, ಮೆಲ್ಲಗೆ ಆಮೇಲೆ ಹೇಳಬಹುದಿತ್ತು ಎಂದರು. ಆಮೇಲೆ ಅಂದರೆ ಯಾವಾಗ, ಕೂಸನ್ನು ಮಣ್ಣು ಮಾಡಿದ ಮೇಲೋ ಎಂದು ಕೇಳಿದೆ. ಅತ್ತೆ ಬಹಳ ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಈಗ ಬೀದಿಗೊಂದು ಮೆಡಿಕಲ್ ಶಾಪಿದೆ. ಈಗಲೂ ನೋಡುತ್ತೇನೆ, ಯಾರೋ ಬಂದು ಹೆಂಡತಿಗೆ ತಲೆನೋವು ಒಂದು ಮಾತ್ರೆ ಕೊಡಿ ಅನ್ನುತ್ತಾನೆ. ಅವಳು ಬಸುರಿಯೋ, ಎದೆಹಾಲು ಕುಡಿಸುವವಳೋ, ಬೇರೆ ಏನು ಔಷಧಿ ನುಂಗುತ್ತಿದ್ದಾಳೋ ಅವನು ಹೇಳುವುದಿಲ್ಲ, ಅಂಗಡಿಯವನು ಕೇಳುವುದಿಲ್ಲ. ನಾನು ಸುಮ್ಮನಿರುವುದಿಲ್ಲ, ಮಧ್ಯೆ ಬಾಯಿ ಹಾಕಿ ಕೇಳುತ್ತೇನೆ. ಈ ಮುದುಕಿಗೆ ಯಾಕೆ ಬೇಕು ಎನ್ನುವ ಹಾಗೆ ನೋಡುತ್ತಾರೆ, ನೋಡಲಿ.

ನನ್ನನ್ನು ಅರ್ಥ ಮಾಡಿಕೊಂಡವರು ಒಬ್ಬರೇ. ಮಗಳು ಅಂಗಳದಲ್ಲಿ ಓಡಾಡುವಷ್ಟಾದಾಗ ಅತ್ತೆಗೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಮಾವ ವಾಡಿಕೆಯಂತೆ ಬಾಟಲಿ ತೊಳೆಸಿ ಹಿಡಿದುಕೊಂಡು ಪೇಟೆಗೆ ಹೊರಟರು. ಗೋಡೆಗೆ ಒರಗಿ ಕೂತಿದ್ದ ಅತ್ತೆ ನನ್ನ ಕಡೆ ಒಂದು ಸಲ ನೋಡಿ, ಸೊಂಟ ಹಿಡಿದುಕೊಂಡು ಎದ್ದರು.

"ಆ ಬಾಟ್ಲಿಯ ಮಡಗಿ. ಬಾಟ್ಲಿಗೇನ್ ಗೊತ್ತು ನನ್ ನೋವು? ಗಾಡಿ ಕಟ್ಸಿ, ನಾನೇ ಬತ್ತೀನಿ" ಅಂದರು.